ಬುಧವಾರದ ಬೀಗರೂಟ

ಮಂಡ್ಯ ಹಳ್ಳಿಕಾರ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಏಳು ವರ್ಷ ಸೋತಿತ್ತು. ಮೊದಲ ವರ್ಷ ಊರಿನವರು ಬೇಜಾರು ಮಾಡಿಕೊಂಡರು. ಆಮೇಲೆ ಬೇಸಿಗೆಯ ಸೆಕೆಯನ್ನು ಒಪ್ಪಿಕೊಂಡ ಹಾಗೆ ಅದನ್ನೂ ಒಪ್ಪಿಕೊಂಡರು. ರಾಜ್ಯದ ವೃತ್ತಿಪರ ಲೀಗಿನಲ್ಲಿ ಇರುವುದು ಎಂಟು ತಂಡ. ಹಳ್ಳಿಕಾರ್ಸ್ ಪ್ರತಿ ವರ್ಷವೂ ಎಂಟನೆಯದು. ಒಂದೇ ಒಂದು ಸಲ ಏಳನೆಯ ಸ್ಥಾನ ಬಂದಿತ್ತು. ಆ ವರ್ಷ ಒಂದು ತಂಡ ಆಡಲೇ ಇಲ್ಲ.

ಹೆಸರು ಇಟ್ಟವರು ಮಾಲೀಕ ಕೆಂಪರಾಜು. ಮದ್ದೂರಿನವರು. ಒಂದು ಅಕ್ಕಿ ಗಿರಣಿ, ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಒಂದೊಂದು ಕಲ್ಯಾಣ ಮಂಟಪ. ಹಳ್ಳಿಕಾರ್ ಎತ್ತು ಓಟಕ್ಕೆ, ಎಳೆತಕ್ಕೆ ಹೆಸರಾದದ್ದು, ನಮ್ಮ ಹುಡುಗರೂ ಹಾಗೇ ಆಗಲಿ ಎಂಬ ಆಸೆ ಅವರದು. ಜೆರ್ಸಿಯ ಮೇಲೆ ಹಳ್ಳಿಕಾರ್ ಎಂದು ಬರೆಸಿದ್ದನ್ನು ನೋಡಿದ ಪಶುವೈದ್ಯರೊಬ್ಬರು ಇದು ತಳಿಸಂಕರ ಎಂದರಂತೆ. ಕೆಂಪರಾಜು ನಗಲಿಲ್ಲ. ಆಗಲೇ ಎರಡು ಸಾವಿರ ಜೆರ್ಸಿ ಮುದ್ರಣವಾಗಿತ್ತು.

ಏಳು ವರ್ಷವೂ ನಾಯಕನಾಗಿದ್ದವನು ಹನಕೆರೆಯ ಚಲುವರಾಜು. ಮೂವತ್ತಮೂರು ವಯಸ್ಸು, ಆರಡಿ ಐದಂಗುಲ. ವರ್ಷಕ್ಕೆ ನಾಲ್ಕು ತಿಂಗಳು ಆಟ, ಉಳಿದ ಎಂಟು ತಿಂಗಳು ಕಬ್ಬು. ಬಸ್ಸಿನಲ್ಲಿ ತಲೆ ಬಗ್ಗಿಸಿ ನಿಲ್ಲುವುದು ಅವನಿಗೆ ಎತ್ತರದಿಂದ ಬಂದ ಅಭ್ಯಾಸ. ಜನ ಮಾತ್ರ ಸೋತದ್ದಕ್ಕೆ ತಲೆ ತಗ್ಗಿಸಿದ್ದಾನೆ ಎಂದುಕೊಂಡು ಸಮಾಧಾನ ಹೇಳುತ್ತಿದ್ದರು. ಅವನಿಗೆ ಸಿಟ್ಟು ಬರುತ್ತಿದ್ದುದು ಸೋಲಿಗಿಂತ ಹೆಚ್ಚಾಗಿ ಆ ಸಮಾಧಾನಕ್ಕೆ.

ಎಂಟನೆಯ ವರ್ಷ ಶಶಿರೇಖಾ ಕೋಚ್ ಆಗಿ ಬಂದರು. ಮಳವಳ್ಳಿಯಲ್ಲಿ ಹುಟ್ಟಿದವರು, ಹದಿನೈದು ವರ್ಷ ರೈಲ್ವೆ ತಂಡಕ್ಕೆ ಆಡಿ, ಎರಡೂ ಮಂಡಿ ಸವೆಸಿಕೊಂಡು ವಾಪಸಾದವರು. ಮೊದಲ ಎರಡು ವಾರ ಅವರು ಏನೂ ಹೇಳಲಿಲ್ಲ. ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಹಳೆಯ ವರ್ಷಗಳ ಸ್ಕೋರ್ ಶೀಟುಗಳನ್ನು ಓದಿದರು. ಹುಡುಗರು ಅವರನ್ನು ಅಭ್ಯಾಸಬಲದಿಂದ ಸರ್ ಎನ್ನುತ್ತಿದ್ದರು, ಆಮೇಲೆ ಮೇಡಂ ಎಂದರು. ಚಲುವರಾಜು ಮೊದಲ ದಿನದಿಂದಲೇ ಅಕ್ಕ ಎಂದ.

ಸ್ಕೋರ್ ಶೀಟಿನಲ್ಲಿ ಅವರಿಗೆ ಕಂಡದ್ದು ವಿಚಿತ್ರವಾಗಿತ್ತು. ಬೇರೆ ಊರುಗಳಲ್ಲಿ ಹಳ್ಳಿಕಾರ್ಸ್ ಅಷ್ಟೇನೂ ಕೆಟ್ಟ ತಂಡವಲ್ಲ. ಹುಬ್ಬಳ್ಳಿಯಲ್ಲಿ ಗೆದ್ದಿದೆ, ಮೈಸೂರಿನಲ್ಲಿ ಎರಡು ಪಾಯಿಂಟಿನಲ್ಲಿ ಸೋತಿದೆ. ಮಂಡ್ಯದಲ್ಲಿ ಮಾತ್ರ ಏಳು ವರ್ಷದಲ್ಲಿ ಒಂದೂ ಗೆಲುವಿಲ್ಲ. ಎಲ್ಲ ತಂಡಗಳೂ ಸೋತು ಸುಣ್ಣವಾಗಿ ತಮ್ಮೂರಿಗೆ ಬಂದು ಗೆದ್ದು ಚೇತರಿಸಿಕೊಂಡರೆ, ಇದು ಎಲ್ಲಾದರೂ ಒಂದು ಗೆದ್ದು ತನ್ನೂರಿಗೆ ಬಂದು ಸೋಲುತ್ತಿತ್ತು. ಅದೂ ಒಂದೇ ರೀತಿಯಲ್ಲಿ. ಮೊದಲ ಹತ್ತು ನಿಮಿಷದ ಕ್ವಾರ್ಟರಿನಲ್ಲಿ ಮುಂದೆ, ಎರಡನೆಯದರಲ್ಲಿ ಸಮಸಮ, ಮೂರನೆಯದರಲ್ಲಿ ತಂಡಕ್ಕೆ ತಂಡವೇ ನಿದ್ದೆಗಣ್ಣಾದ ಹಾಗೆ.

ಕಾರಣ ಗೊತ್ತಾದದ್ದು ಆ ವರ್ಷದ ಎರಡನೆಯ ತವರು ಪಂದ್ಯದ ದಿನ. ನಾಲ್ಕು ಗಂಟೆಗೆ ಆಟ. ಹನ್ನೆರಡಕ್ಕೆ ಸಭೆ ಎಂದು ಶಶಿರೇಖಾ ಹೇಳಿ ಕಳಿಸಿದ್ದರು. ಹಾಸ್ಟೆಲಿಗೆ ಹೋದರೆ ಒಬ್ಬನೂ ಇಲ್ಲ. ಗೇಟಿನವನು ಎಲ್ಲರೂ ಕೆಂಪರಾಜಣ್ಣನ ಛತ್ರಕ್ಕೆ ಊಟಕ್ಕೆ ಹೋಗಿದ್ದಾರೆ ಎಂದ. ಅದು ಗೊತ್ತಿಲ್ಲದವರೂ ಇದ್ದಾರೆಯೇ ಎಂಬಂತೆ ನೋಡಿದ.

ಛತ್ರದಲ್ಲಿ ಯಾರದೋ ಬೀಗರೂಟ. ಮದುವೆಯಾದ ಮೇಲೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಕರೆದು ಇಕ್ಕುವ ಬಾಡೂಟ. ಮೊದಲ ಪಂಕ್ತಿಯಲ್ಲಿ ಹನ್ನೆರಡು ಜನ ಆಟಗಾರರು ಸಾಲಾಗಿ ಕೂತಿದ್ದರು. ಕೂತಾಗಲೂ ಬಡಿಸುವವರ ಎದೆಯ ಎತ್ತರ. ಎಲೆಯ ಮೇಲೆ ಮುದ್ದೆ, ಬೋಟಿ, ಕೈಮ ಉಂಡೆ, ತಲೆಮಾಂಸ, ಚಾಪ್ಸು. ಅಂಗಳದಲ್ಲಿ ಚೆಂಡು ಹಂಚಿ ಆಟ ನಡೆಸುವ ಅದ್ನಾನ್‌ಗೆಂದೇ ಸಾಬರ ಕೈಯಲ್ಲಿ ಕೊಯ್ಯಿಸಿದ ಕೋಳಿ, ಬೇರೆ ಪಾತ್ರೆಯಲ್ಲಿ. ತಪ್ಪಿಸಿಕೊಳ್ಳಲು ಅವನಿಗೆ ಆ ದಾರಿಯನ್ನೂ ಬಿಟ್ಟಿರಲಿಲ್ಲ. ಯಜಮಾನರೊಬ್ಬರು ಬೆನ್ನ ಹಿಂದೆ ನಿಂತು, ಆಡಾಕೆ ಸಕ್ತಿ ಬೇಕು, ಅವ್ರಿಗೆ ಇನ್ನೊಂದೊಂದು ಮುದ್ದೆ ಇಕ್ಕಿ ಎಂದು ಬಡಿಸುವವರನ್ನು ಹುರಿದುಂಬಿಸುತ್ತಿದ್ದರು. ಕೆಂಪರಾಜು ಮಂಟಪ ಬಾಡಿಗೆಗೆ ಕೊಡುವಾಗ ಜನರೇಟರು, ಪಾತ್ರೆ, ನೀರಿನ ಜೊತೆ ಆಟಗಾರರನ್ನೂ ಸೇರಿಸುತ್ತಿದ್ದರು ಎಂಬುದು ಶಶಿರೇಖಾ ಅವರಿಗೆ ಆಗ ತಿಳಿಯಿತು. ಪಂಕ್ತಿ ಏಳುವ ತನಕ ಅವರು ಬಾಗಿಲಲ್ಲೇ ನಿಂತಿದ್ದರು. ಅಂದು ಇಪ್ಪತ್ತೊಂದು ಪಾಯಿಂಟಿನ ಸೋಲು.

ಮರುದಿನ ಅವರು ಕೇಳಿದ್ದು ಒಂದೇ ಪ್ರಶ್ನೆ, ಬೀಗರೂಟ ಯಾವ ಯಾವ ದಿನ ಇಕ್ಕುತ್ತಾರೆ ಎಂದು. ಹುಡುಗರು ಬಿಡಿಸಿ ಹೇಳಿದರು. ಮದುವೆಗಳು ಭಾನುವಾರ, ಸೋಮವಾರ. ಸೋಮವಾರ ಮಾಂಸ ಮುಟ್ಟುವುದಿಲ್ಲ. ಗುರುವಾರ ಕೆಲವು ಮನೆಗಳಲ್ಲಿ ಇಲ್ಲ, ಶುಕ್ರವಾರ ಹೆಣ್ಣುದೇವರ ವಾರ, ಶನಿವಾರ ಮಾತೇ ಇಲ್ಲ. ಉಳಿದದ್ದು ಮಂಗಳವಾರ, ಬುಧವಾರ. ಲೀಗಿನವರು ಮಂಡ್ಯಕ್ಕೆ ಕೊಟ್ಟಿದ್ದ ದಿನಗಳೂ ಅವೇ, ಮಂಗಳವಾರ ಮತ್ತು ಬುಧವಾರ. ಬೆಂಗಳೂರಿನಲ್ಲಿ ಕೂತು ವೇಳಾಪಟ್ಟಿ ಮಾಡಿದವನಿಗೆ ಟೀವಿಯ ಹೊತ್ತು ಗೊತ್ತಿತ್ತು, ಮಂಡ್ಯದ ವಾರ ಗೊತ್ತಿರಲಿಲ್ಲ.

"ಏಳು ವರ್ಷದಿಂದ ಇದು ನಿಮಗೆ ತಿಳೀಲಿಲ್ವ?" ಎಂದರು ಶಶಿರೇಖಾ.

"ತಿಳ್ದಿತ್ತು ಅಕ್ಕ," ಎಂದ ಚಲುವರಾಜು. "ಕರ್ದಾಗ ಓಗ್ದೆ ಇರೋದು ಎಂಗೆ ಅಂತ ತಿಳೀಲಿಲ್ಲ."

ಅವತ್ತೇ ನಿಯಮ ಬಂತು. ಮಂಡ್ಯದಲ್ಲಿ ಪಂದ್ಯವಿದ್ದ ದಿನ ಆಟ ಮುಗಿಯುವ ತನಕ ಯಾರೂ ಎಲೆಯ ಮುಂದೆ ಕೂರುವಂತಿಲ್ಲ. ಕೂತವನು ಆಡುವಂತಿಲ್ಲ.

ಕೆಂಪರಾಜು ಓಡಿ ಬಂದರು. ಊಟ ಬೇಡ ಎಂದು ಹೇಳಿಸಿಕೊಂಡ ಮನೆಯವರು ಇನ್ನು ತನ್ನ ಛತ್ರದ ಮೆಟ್ಟಿಲು ಹತ್ತುತ್ತಾರೆಯೇ ಎಂಬುದು ಅವರ ಚಿಂತೆ. ಜೊತೆಗೆ ಇನ್ನೊಂದು ವಿಷಯವನ್ನೂ ಹೊರಹಾಕಿದರು. ಕರಾವಳಿಯ ಕಂಪನಿಯೊಂದು ತಂಡವನ್ನು ಕೊಳ್ಳಲು ಬಂದಿದೆ. ಈ ಸಲ ಮೊದಲ ನಾಲ್ಕರಲ್ಲಿ ಬಂದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ಕೊಟ್ಟುಬಿಡುತ್ತೇನೆ. ಅವರು ಅದ್ನಾನ್‌ನನ್ನೂ ಇನ್ನಿಬ್ಬರನ್ನೂ ಇಟ್ಟುಕೊಳ್ಳುತ್ತಾರೆ, ಮಿಕ್ಕವರು ಬೇಡವಂತೆ. ಹೇಳುವಾಗ ಅವರು ಚಲುವರಾಜುವಿನ ಮುಖ ನೋಡಲಿಲ್ಲ. ನೋಡದಿದ್ದುದನ್ನು ಚಲುವರಾಜು ನೋಡಿದ.

ಅಲ್ಲಿಂದಾಚೆ ಬೇಡ ಎನ್ನುವ ಕೆಲಸ ಅವನ ಪಾಲಿಗೆ ಬಂತು. ಫೋನಿನಲ್ಲಿ ಹೇಳಿದರೆ ಸೊಕ್ಕು ಎಂದಾರು. ಆದ್ದರಿಂದ ಪಂದ್ಯದ ಹಿಂದಿನ ದಿನ ಅದ್ನಾನ್‌ನ ಬೈಕಿನ ಹಿಂದೆ ಕೂತು ಕರೆದವರ ಮನೆಗೇ ಹೋಗುತ್ತಿದ್ದ. ಕೊಟ್ಟ ಎಲೆಅಡಿಕೆ ತೆಗೆದುಕೊಂಡು, ನಿಂತೇ, ಆಟದ ದಿನ ಎಲೆ ಮುಂದೆ ಕೂರುವುದಿಲ್ಲ, ತಪ್ಪು ತಿಳಿಯಬೇಡಿ ಎಂದು ಹೇಳಿ ಬರುತ್ತಿದ್ದ. ತಪ್ಪು ತಿಳಿಯದವರು ಯಾರೂ ಇರಲಿಲ್ಲ. ಮಳವಳ್ಳಿಯ ಮಲ್ಲಿಗಮ್ಮ ಎಂಬ ಅಜ್ಜಿ ಇಷ್ಟು ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂತಲ್ಲ ಎಂದು ಮರುಗಿ, ಹಾಗಲಕಾಯಿಯ ರಸ ಕುಡಿಯುವ ಕ್ರಮ ಹೇಳಿಕೊಟ್ಟರು. ಮದ್ದೂರಿನಲ್ಲೊಬ್ಬರು, ಏಳು ವರ್ಷ ತಿಂದು ಸೋತವನು ಈಗ ತಿನ್ನದೆ ಸೋಲುತ್ತಾನಂತೆ ಎಂದು ಇಡೀ ಬೀದಿಗೆ ಕೇಳುವಂತೆ ಅಂದರು.

ಅದ್ನಾನ್ ಒಂದು ಸುಲಭದ ದಾರಿ ಹೇಳಿದ. "ಮುತ್ತತ್ತಿರಾಯಂಗೆ ಅರಕೆ ಕಟ್ಕಂಡಿವ್ನಿ, ಬಾಡು ಮುಟ್ಟಾಕಿಲ್ಲ ಅಂದ್ಬುಡಣ್ಣ. ಯಾರೂ ಉಸಿರೆತ್ತಲ್ಲ."

"ಕಟ್ಕಂಡಿಲ್ವಲ್ಲಾ."

"ಆ ಸ್ವಾಮಿ ಏನ್ ಬಂದು ಕೇಳ್ತಾನಾ?"

"ಕೇಳಲ್ಲ. ಅದ್ಕೇ ಬ್ಯಾಡ," ಎಂದ ಚಲುವರಾಜು. ದೇವರ ಹೆಸರು ಹೇಳಿ ತಪ್ಪಿಸಿಕೊಂಡರೆ ನಾಳೆ ಗೆದ್ದದ್ದೂ ದೇವರ ಲೆಕ್ಕಕ್ಕೇ ಹೋಗುತ್ತದೆ ಎಂದು ಅವನ ವಾದ.

ಆಮೇಲೆ ಅದ್ನಾನ್‌ನ ಅಣ್ಣನ ಮದುವೆ ಬಂತು. ಗಂಡಿನ ಮನೆಯವರು ಇಕ್ಕುವ ವಲೀಮಾ ಊಟ ಮಂಗಳವಾರ, ಪಂದ್ಯವೂ ಮಂಗಳವಾರ. ಅದ್ನಾನ್ ಏನೂ ಕೇಳದೆ ನಾಯಕನ ಎದುರಿಗೆ ಬಂದು ನಿಂತ. ಚಲುವರಾಜು, ನೀನೇ ಯೋಚನೆ ಮಾಡು ಎಂದನೇ ಹೊರತು ಹೋಗು ಎನ್ನಲಿಲ್ಲ. ಅದ್ನಾನ್ ಹೋಗಲಿಲ್ಲ. ಅವನ ತಂದೆ, ಗ್ಯಾರೇಜು ಇಟ್ಟಿರುವ ಮೆಹಬೂಬ್ ಪಾಷಾ, ಎಂಟು ದಿನ ಮಗನ ಜೊತೆ ಮಾತು ಬಿಟ್ಟರು. ಆ ಸಂಜೆ ಅದ್ನಾನ್ ಎರಡು ಬಾಳೆಹಣ್ಣಿನ ಮೇಲೆ ಇಪ್ಪತ್ತನಾಲ್ಕು ಪಾಯಿಂಟು ಹೊಡೆದ. ಮಂಡ್ಯದಲ್ಲಿ ಹಳ್ಳಿಕಾರ್ಸ್ ಮೊದಲ ಬಾರಿಗೆ ಗೆದ್ದದ್ದು ಅಂದು. ಜನ ಚಪ್ಪಾಳೆ ತಟ್ಟುವುದೋ ಬೇಡವೋ ಎಂದು ಅಕ್ಕಪಕ್ಕ ನೋಡಿ, ಆಮೇಲೆ ತಟ್ಟಿದರು.

ಅದಾದ ಮೇಲೆ ತವರಿನಲ್ಲಿ ಇನ್ನೂ ಮೂರು ಗೆಲುವು. ಮೂರನೆಯ ಕ್ವಾರ್ಟರಿನಲ್ಲಿ ಈಗ ಬಂದವರೇ ಏದುಸಿರು ಬಿಡುತ್ತಿದ್ದರು. ಸೋಲನ್ನು ಅಷ್ಟು ಸಮಾಧಾನದಿಂದ ಒಪ್ಪಿಕೊಂಡಿದ್ದ ಊರಿಗೆ ಗೆಲುವನ್ನು ಒಪ್ಪಿಕೊಳ್ಳಲು ಮಾತ್ರ ಒಂದು ವಾರವೂ ಬೇಕಾಗಲಿಲ್ಲ. ತಾವು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆವು ಎನ್ನುವವರು ಪ್ರತಿ ಟೀ ಅಂಗಡಿಯಲ್ಲೂ ಇಬ್ಬರಂತೆ ಹುಟ್ಟಿಕೊಂಡರು. ಪಟ್ಟಿಯಲ್ಲಿ ತಂಡ ಐದನೆಯ ಸ್ಥಾನಕ್ಕೆ ಬಂತು. ಕೊನೆಯ ಪಂದ್ಯ ಮಂಡ್ಯದಲ್ಲೇ, ನಾಲ್ಕನೆಯ ಸ್ಥಾನದ ಬೆಂಗಳೂರು ಕಾಮೆಟ್ಸ್ ಮೇಲೆ. ಗೆದ್ದರೆ ನಾಲ್ಕರಲ್ಲಿ ಒಂದು, ಮುಂದೆ ಸೆಮಿಫೈನಲ್. ಸೋತರೆ ತಂಡ ಕರಾವಳಿಗೆ, ಚಲುವರಾಜು ಕಬ್ಬಿನ ಗದ್ದೆಗೆ.

ಆ ಒಂದು ಪಂದ್ಯ ಮಾತ್ರ ಮೊದಲು ಇದ್ದದ್ದು ಗುರುವಾರ. ಟೀವಿಯವರ ಅನುಕೂಲಕ್ಕೆಂದು ಲೀಗಿನವರು ಹತ್ತು ದಿನ ಮೊದಲು ಅದನ್ನು ಬುಧವಾರಕ್ಕೆ ತಂದರು. ಆ ಬುಧವಾರ ಯಲಿಯೂರಿನಲ್ಲಿ ಚಲುವರಾಜುವಿನ ತಂಗಿ ಚಂದನಳ ಬೀಗರೂಟ.

ನಾಲ್ಕು ತಿಂಗಳ ಹಿಂದೆ ಗೊತ್ತಾದ ದಿನ. ಗಂಡು ರಘುನಂದನ್, ಬ್ಯಾಂಕಿನಲ್ಲಿ ಕೆಲಸ. ಅವನ ತಂದೆ ಹೊನ್ನಯ್ಯ. ಹೊನ್ನಯ್ಯ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಲಿಯೂರಿನಲ್ಲಿ ಕಂಡವರಿಲ್ಲ. ಅಡುಗೆಯವರು ಗೊತ್ತಾಗಿದ್ದರು, ಮರಿಗಳು ಗೊತ್ತಾಗಿದ್ದವು, ಮುನ್ನೂರೈವತ್ತು ಜನಕ್ಕೆ ಕರೆ ಹೋಗಿತ್ತು. ತಂದೆ ಇಲ್ಲದ ಮನೆ. ಸೋಮವಾರ ಧಾರೆ ಎರೆದುಕೊಡುವವನು ಚಲುವರಾಜುವೇ. ಅಂದ ಮೇಲೆ ಬುಧವಾರ ಮೊದಲ ಎಲೆ ಅವನದು. ಹೋಗಿ ನಾಲ್ಕು ತುತ್ತು ತಿಂದು ಎದ್ದು ಬರುವ ಎಲೆ ಅಲ್ಲ ಅದು. ಅವನು ಎದ್ದರೆ ಪಂಕ್ತಿಯೇ ಏಳಬೇಕು, ಅವನು ಸಾಕು ಎನ್ನುವ ತನಕ ಬಡಿಸುತ್ತಲೇ ಇರಬೇಕು, ಅವನು ಅಷ್ಟು ಬೇಗ ಸಾಕು ಎನ್ನಬಾರದು.

ತಾಯಿ ದೇವಿರಮ್ಮನಿಗೆ ವಿಷಯ ತಿಳಿದಾಗ ಅವರು ಕೂಗಾಡಲಿಲ್ಲ. ಮಗನಿಗೆ ಕಾಫಿ ಕೊಟ್ಟು ಎದುರಿಗೆ ಕೂತರು.

"ನಿಮ್ಮಪ್ಪ ಇದ್ದಿದ್ರೆ ನೀನು ಎಲ್ಲಾರ ಆಡ್ಕೊ ಓಗು ಅಂತಿದ್ದೆ," ಎಂದರು. "ಈಗ ಎಣ್ಣು ಕೊಡೋನು ನೀನು. ನೀನಿಲ್ದೆ ಆ ಎಲೆ ಬರೀದಾದ್ರೆ ಆ ಮನೇಲಿ ನಿನ್ ತಂಗಿ ಎಷ್ಟು ವರ್ಸ ತಲೆ ತಗ್ಗಿಸ್ಕಂಡು ಓಡಾಡ್ಬೇಕು ಯೋಳು."

ಚಲುವರಾಜು ಕಾಫಿ ಕುಡಿದು ಲೋಟ ತೊಳೆದಿಟ್ಟ. ಸೋಮವಾರ ಧಾರೆ ಎರೆದ. ಮಂಗಳವಾರ ಅಭ್ಯಾಸಕ್ಕೆ ಬಂದವನು ಶಶಿರೇಖಾ ಅವರಿಗೆ ಎಲ್ಲವನ್ನೂ ಹೇಳಿದ. ಮಳವಳ್ಳಿಯವರು; ಮೊದಲ ಎಲೆ ಎಂದರೇನು ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ರೂಲು ಮಾಡಿದೋಳು ನಾನು. ನಿನಗೊಬ್ಬನಿಗೆ ಬಿಟ್ಟುಕೊಡೋಕೆ ನನ್ನ ಕೈಲಿ ಆಗುತ್ತೆ," ಎಂದರು. "ಆದ್ರೆ ಅದನ್ನ ಅದ್ನಾನ್‌ಗೆ ನೀನೇ ಹೇಳ್ಬೇಕು."

ಅದ್ನಾನ್ ಆ ತುದಿಯಲ್ಲಿ ಒಬ್ಬನೇ ನಿಂತು ಫ್ರೀ ಥ್ರೋ ಹಾಕುತ್ತಿದ್ದ. ಚಲುವರಾಜು ಅವನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹತ್ತಿರ ಹೋಗಿ, ನಾಳೆ ಹನ್ನೆರಡೂವರೆಗೆ ಬೈಕು ಬೇಕು, ಯಲಿಯೂರಿಗೆ ಹೋಗಿ ಒಂದು ಮಾತು ಹೇಳಿ ಬರಬೇಕು ಎಂದ. ಯಾವ ಮಾತು ಎಂದು ಅದ್ನಾನ್ ಕೇಳಲಿಲ್ಲ. ಆ ಮಾತನ್ನು ಅವನು ಆ ವರ್ಷ ಸಾಕಷ್ಟು ಸಲ ಕೇಳಿದ್ದ.

ಬುಧವಾರ ಯಲಿಯೂರಿನಲ್ಲಿ ಹೊನ್ನಯ್ಯನವರ ಮನೆ ಮುಂದೆ ಬೀದಿಯ ಉದ್ದಕ್ಕೂ ಶಾಮಿಯಾನ. ಹಿಂದುಗಡೆ ಆರು ಕೊಪ್ಪರಿಗೆಗಳಲ್ಲಿ ಸಾರು ಕುದಿಯುತ್ತಿತ್ತು. ಮಸಾಲೆಯ ವಾಸನೆ ರೈಲು ನಿಲ್ದಾಣದ ತನಕ ಹೋಗಿತ್ತು. ಎಲೆ ಹಾಸಿ, ನೀರು ಚಿಮುಕಿಸಿ, ಜನ ಕೂತಾಗಿತ್ತು. ಮೊದಲ ಎಲೆಯ ಮುಂದೆ ಮಾತ್ರ ಯಾರೂ ಇರಲಿಲ್ಲ. ಚಲುವರಾಜು ತಂಡದ ಟ್ರ್ಯಾಕ್ ಸೂಟಿನಲ್ಲೇ ಬಂದದ್ದನ್ನು ಕಂಡು, ಹೆಂಗಸರ ಸಾಲಿನಲ್ಲಿದ್ದ ದೇವಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬಾಪ್ಪ, ಕುಂತ್ಕೊ," ಎಂದರು ಹೊನ್ನಯ್ಯ. "ನಿಂಗೇ ಕಾಯ್ತಿದ್ದದ್ದು."

"ಉಣ್ಣಾಕೆ ಬಂದಿಲ್ಲ ಮಾವ. ಯೋಳಿ ಓಗಾಕೆ ಬಂದೆ."

ಮುದ್ದೆಯ ಬುಟ್ಟಿ ಹಿಡಿದಿದ್ದವನು ಎತ್ತಿದ ಹೆಜ್ಜೆಯಲ್ಲೇ ನಿಂತ. ಹೊನ್ನಯ್ಯ ಹೆಗಲ ಮೇಲಿನ ಟವೆಲನ್ನು ತೆಗೆದು, ಮಡಿಸಿ, ಮತ್ತೆ ಹೆಗಲ ಮೇಲೇ ಹಾಕಿಕೊಂಡರು.

"ನಾಕು ಗಂಟೆಗೆ ಆಟ ಅದೆ," ಎಂದ ಚಲುವರಾಜು. "ಆಟದ ದಿನ ಎಲೆ ಮುಂದೆ ಕೂರಾಕಿಲ್ಲ ಅಂತ ನಲವತ್ತು ಮನೆಗೆ ಓಗಿ ಯೋಳಿವ್ನಿ. ಇವನು ಒಡುಟ್ಟಿದ ಅಣ್ಣನ ಊಟಾನೇ ಬುಟ್ಟ. ಇವತ್ತು ನಮ್ಮನೇದು ಅಂತ ನಾನು ಕುಂತ್ರೆ ಅವ್ರ ಮೊಕ ಎಲ್ಲಾ ಎಂಗೆ ನೋಡ್ಲಿ?"

ಅದ್ನಾನ್ ಬೈಕಿನ ಕನ್ನಡಿಯನ್ನು ಒರೆಸುತ್ತಾ ನಿಂತಿದ್ದ.

"ಅಂಗಾದ್ರೆ ನಮ್ಮನೆ ನಲವತ್ತೊಂದ್ನೇದು," ಎಂದರು ಹೊನ್ನಯ್ಯ.

"ಮೊದಲ್ನೇದು. ಅದ್ಕೇ ಇಷ್ಟು ಜನದ ಎದ್ರಿಗೇ ನಿಂತ್ಕಂಡು ಯೋಳ್ತಿರೋದು."

ಹೊನ್ನಯ್ಯ ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಕೇಳಿದರು. ಐದೂವರೆ, ಐದೂಮುಕ್ಕಾಲು ಎಂದು ಚಲುವರಾಜು ಹೇಳಿದ. ಹೊನ್ನಯ್ಯ ಬಡಿಸುವವರ ಕಡೆ ತಿರುಗಿದರು.

"ಎಲೆ ಎತ್ರಪ್ಪ. ಮೊದಲ್ನೇ ಎಲೆಗೆ ಅವ್ನು ಕುಂತ ಮೇಲೇನೇ ಮಿಕ್ಕೋರ್ಗೆ. ಅಲ್ಲೀಗಂಟ ಯಾರ್ಗೂ ಇಕ್ಕಂಗಿಲ್ಲ."

ಇದು ಔದಾರ್ಯವಲ್ಲ ಎಂದು ಅಲ್ಲಿದ್ದ ಮುನ್ನೂರೈವತ್ತು ಜನಕ್ಕೂ ಅರ್ಥವಾಯಿತು. ಅಷ್ಟು ಜನರ ಹಸಿವನ್ನು ಒಬ್ಬನ ತಲೆಗೆ ಕಟ್ಟಿ ಕಳಿಸುವುದು ಹೊನ್ನಯ್ಯನವರ ಲೆಕ್ಕ. ಪಂಕ್ತಿಯಲ್ಲಿ ಕೂತಿದ್ದ ಕೆಲವರು ಬೆಳಗಿನ ತಿಂಡಿಯನ್ನೂ ಬಿಟ್ಟು ಬಂದಿದ್ದರು. ಅವರು ಚಲುವರಾಜುವನ್ನು ನೋಡಿದ ರೀತಿಗೆ ಇನ್ನೊಬ್ಬನಾಗಿದ್ದರೆ ಅಲ್ಲೇ ಕೂತುಬಿಡುತ್ತಿದ್ದ. ಅವನು ಕೈಮುಗಿದು ತಿರುಗಿದ.

ನಡುಮನೆಯ ಬಾಗಿಲಿನಿಂದ ಚಂದನ ಕರೆದಳು. ಎರಡು ದಿನದ ಮದುವಣಗಿತ್ತಿ, ಮಾವನ ಎದುರಿಗೆ ಅವಳು ಆಡಿದ ಮೊದಲ ದೊಡ್ಡ ಮಾತು ಅದು.

"ಅಣ್ಣ, ಓಗಿ ಬಾ. ಸೋತ್ಕಂಡು ಮಾತ್ರ ಬರಬ್ಯಾಡ. ಇವ್ರೆಲ್ಲ ಅಸ್ಕಂಡು ಕಾಯೋದು ಅದ್ಕಲ್ಲ."

ಹೊನ್ನಯ್ಯ ಸೊಸೆಯ ಕಡೆ ತಿರುಗಿ ನೋಡಿದರು.

ಹಸಿದವರಿಗೆ ಕುದಿಯುವ ಸಾರಿನ ಪಕ್ಕದಲ್ಲಿ ಐದು ಗಂಟೆ ಹೊತ್ತು ಕೂರುವುದು ಕಷ್ಟ. ಅರ್ಧ ಗಂಟೆಯೊಳಗೆ ಯಾರೋ ಎದ್ದು, ಇಲ್ಲಿ ವಾಸನೆ ಕುಡಿಯುವ ಬದಲು ಅಲ್ಲೇ ಹೋಗಿ ಅವನೇನು ಆಡುತ್ತಾನೋ ನೋಡೋಣ ಎಂದರು. ಎರಡು ಟೆಂಪೋ, ನಾಲ್ಕು ಟ್ರ್ಯಾಕ್ಟರು, ಮದುವೆಗೆಂದು ಹಿಡಿದಿದ್ದ ಒಂದು ಬಸ್ಸು ಮಂಡ್ಯದ ಕಡೆ ಹೊರಟವು. ಕ್ರೀಡಾಂಗಣದಲ್ಲಿ ಒಮ್ಮೆಗೇ ಇಷ್ಟು ಜನ ರೇಷ್ಮೆ ಸೀರೆ, ಗರಿಗರಿ ಪಂಚೆಯಲ್ಲಿ ಬಂದು ತುಂಬಿದ್ದನ್ನು ಕಂಡು ಟೀವಿಯವರು ಸಂತೋಷಪಟ್ಟರು. ಇಲ್ಲಿಯ ಜನ ಆಟಕ್ಕೆ ಎಂಥ ಗೌರವ ಕೊಡುತ್ತಾರೆ ಎಂದು ವೀಕ್ಷಕ ವಿವರಣೆಗಾರ ಹೇಳಿದನಂತೆ. ಹೊನ್ನಯ್ಯ ಮೊದಲ ಸಾಲಿನಲ್ಲಿ, ಹಳ್ಳಿಕಾರ್ಸ್ ಬೆಂಚಿನ ಹಿಂದೆಯೇ, ಟವೆಲ್ ಹಾಸಿ ಕೂತರು.

ಅವರಲ್ಲಿ ಹೆಚ್ಚಿನವರು ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದುದು ಅದೇ ಮೊದಲು. ಚೆಂಡು ಬಳೆಯೊಳಗೆ ಬೀಳಬೇಕು ಎಂಬುದು ಬೇಗ ತಿಳಿಯಿತು. ತಿಳಿಯದೆ ಹೋದದ್ದು ಗಡಿಯಾರ. ಹತ್ತು ನಿಮಿಷ ಎಂದು ಹೇಳಿ, ಪ್ರತಿ ಸೀಟಿಗೂ ಅದನ್ನು ನಿಲ್ಲಿಸಿ, ಇಪ್ಪತ್ತು ನಿಮಿಷ ಎಳೆಯುವುದು ಅವರಿಗೆ ಶುದ್ಧ ಮೋಸವಾಗಿ ಕಂಡಿತು. ಟೈಮ್‌ಔಟಿನಲ್ಲಿ ಆಟಗಾರರು ಗುಂಪಾಗಿ ನಿಂತರೆ, ಮಾತೆಲ್ಲ ಆಮೇಲೆ ಆಡಿಕೊಳ್ಳಿ ಎಂದು ಮೇಲಿನ ಸಾಲಿನಿಂದ ಕೂಗು ಬರುತ್ತಿತ್ತು. ಕಾಮೆಟ್ಸ್ ಆಟಗಾರನೊಬ್ಬ ಬಿದ್ದು ಕಾಲು ಹಿಡಿದುಕೊಂಡಾಗ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಅದು ಅನುಕಂಪ ಎಂದುಕೊಂಡು ಅವನು ಕೈಬೀಸಿದ.

ಕಾಮೆಟ್ಸ್ ಬಲವಾದ ತಂಡ. ಎರಡನೆಯ ಕ್ವಾರ್ಟರಿನ ಕೊನೆಗೆ ಒಂಬತ್ತು ಪಾಯಿಂಟು ಮುಂದಿದ್ದರು. ವಿರಾಮದಲ್ಲಿ ಶಶಿರೇಖಾ ಯಾರು ಯಾರನ್ನು ತಡೆಯಬೇಕು ಎಂದಷ್ಟೇ ಹೇಳಿದರು, ಒಂದೊಂದೇ ಹೆಸರು, ಒಂದೊಂದೇ ಸಲ. ಮೂರನೆಯ ಕ್ವಾರ್ಟರಿನಲ್ಲಿ ಹಳ್ಳಿಕಾರ್ಸ್ ಒಂಬತ್ತನ್ನು ನಾಲ್ಕಕ್ಕೆ ಇಳಿಸಿದರು. ಚಲುವರಾಜು ತನಗಿಂತ ಹನ್ನೊಂದು ವರ್ಷ ಚಿಕ್ಕವನೊಬ್ಬನನ್ನು ಬಳೆಯ ಹತ್ತಿರ ಬರದಂತೆ ಬೆನ್ನು ಕೊಟ್ಟು ತಡೆದ, ಬಿದ್ದ, ಎದ್ದ, ಮತ್ತೆ ತಡೆದ. ಪಾಯಿಂಟು ಹೊಡೆದವರು ಬೇರೆಯವರು. ಕೊನೆಯ ಎಂಟು ಸೆಕೆಂಡು ಇದ್ದಾಗ ಎರಡು ಪಾಯಿಂಟಿನ ಹಿನ್ನಡೆ. ಅದ್ನಾನ್ ಇಬ್ಬರ ನಡುವೆ ನುಗ್ಗಿ ಚೆಂಡನ್ನು ಹಲಗೆಗೆ ತಾಗಿಸಿ ಹಾಕಿದ. ಎಪ್ಪತ್ತು, ಎಪ್ಪತ್ತು. ಗಂಟೆ ಹೊಡೆಯಿತು.

ಮುನ್ನೂರೈವತ್ತು ಜನ ಒಟ್ಟಿಗೆ ಎದ್ದು ಬಾಗಿಲ ಕಡೆ ಹೊರಟರು. ಹೊನ್ನಯ್ಯ ಟವೆಲ್ ಕೊಡವಿಕೊಂಡು ನೇರವಾಗಿ ಬೆಂಚಿಗೆ ಬಂದು ಚಲುವರಾಜುವಿನ ಮಣಿಕಟ್ಟು ಹಿಡಿದುಕೊಂಡರು.

"ಮುಗೀತಲ್ಲ, ನಡಿ."

"ಇನ್ನೂ ಐದು ನಿಮ್ಸ ಅದೆ ಮಾವ. ಸಮ ಆಗದೆ."

"ಸಮ ಆದ್ಮೇಲೆ ಇನ್ನೇನು. ಇಬ್ರ ಮರ್ವಾದೇನೂ ಉಳೀತು, ಎದ್ದೋಗೋದು."

"ಇಲ್ಲಿ ಅಂಗಿಲ್ಲ. ಯಾರಾದ್ರು ಒಬ್ರು ಸೋಲ್ಲೇಬೇಕು."

ಹೊನ್ನಯ್ಯ ಎದುರು ತಂಡದ ಬೆಂಚನ್ನು ನಿಧಾನವಾಗಿ, ಈ ತುದಿಯಿಂದ ಆ ತುದಿಯ ತನಕ ನೋಡಿದರು. ಬೆವರು ಒರೆಸಿಕೊಳ್ಳುತ್ತಿದ್ದ ಹುಡುಗರು, ಬಣ್ಣಬಣ್ಣದ ಬಾಟಲಿಗಳು. ಆಮೇಲೆ ತಮ್ಮ ಬೆರಳುಗಳ ನಡುವೆ ಇದ್ದ ಮಣಿಕಟ್ಟನ್ನು ನೋಡಿದರು.

"ಬೆಳಗಿಂದ ಏನ್ ತಿಂದಿದ್ದೀಯ?"

"ಮೂರು ಬಾಳೆಹಣ್ಣು."

ಹೊನ್ನಯ್ಯ ಕೈ ಬಿಟ್ಟರು. "ಅಂಗಾದ್ರೆ ಅವ್ರೇ ಸೋಲ್ಲಿ," ಎಂದು ಹೇಳಿ, ಬಾಗಿಲ ಕಡೆ ಹೊರಟಿದ್ದವರಿಗೆಲ್ಲ ಕೂತುಕೊಳ್ಳುವಂತೆ ಕೈ ಮಾಡಿದರು. ಜನ ಕೂತರು. ಅವರು ಮಾತ್ರ ಕೂರಲಿಲ್ಲ, ಬೆಂಚಿನ ಪಕ್ಕದಲ್ಲೇ ನಿಂತರು. ಅಲ್ಲಿ ನಿಲ್ಲುವಂತಿಲ್ಲ ಎಂದು ಹೇಳಲು ಬಂದ ರೆಫರಿ ಅವರ ಮುಖ ನೋಡಿ, ತನಗೆ ಬೇರೆ ಕೆಲಸ ಇದೆ ಎಂಬುದನ್ನು ನೆನಪಿಸಿಕೊಂಡ.

ಹೆಚ್ಚುವರಿ ಐದು ನಿಮಿಷದಲ್ಲಿ ಯಾರೂ ಗಡಿಯಾರವನ್ನು ಬೈಯಲಿಲ್ಲ. ಕಾಮೆಟ್ಸ್ ಮೂರು ಮುಂದೆ ಹೋದರು, ಅದ್ನಾನ್ ದೂರದಿಂದ ಎಸೆದು ಸಮ ಮಾಡಿದ. ಮತ್ತೆ ಅವರು ಒಂದು ಮುಂದೆ, ಇವರು ಎರಡು. ಹದಿನಾಲ್ಕು ಸೆಕೆಂಡು ಇದ್ದಾಗ ಹಳ್ಳಿಕಾರ್ಸ್ ಎಪ್ಪತ್ತೊಂಬತ್ತು, ಕಾಮೆಟ್ಸ್ ಎಪ್ಪತ್ತೆಂಟು, ಚೆಂಡು ಕಾಮೆಟ್ಸ್ ಕೈಯಲ್ಲಿ. ಎಸೆದರು. ಚೆಂಡು ಬಳೆಯ ಅಂಚಿನ ಮೇಲೆ ಎರಡು ಸಲ ಕುಣಿದು ಹೊರಗೆ ಬಿತ್ತು. ನೆಗೆದ ನಾಲ್ಕು ಜನರಲ್ಲಿ ಚಲುವರಾಜು ಅತಿ ಎತ್ತರ ನೆಗೆದವನಲ್ಲ; ಬೇರೆಯವರಿಗಿಂತ ಮೊದಲೇ ಜಾಗ ಹಿಡಿದು ನಿಂತಿದ್ದ, ಅಷ್ಟೆ. ಎರಡು ಕೈಯಲ್ಲೂ ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಮೊಣಕೈ ಅಗಲಿಸಿ ನಿಂತ. ಮೂವರು ಎಳೆದರು. ಬಿಡಲಿಲ್ಲ. ಗಂಟೆ ಹೊಡೆದ ಮೇಲೂ ಬಿಡಲಿಲ್ಲ. ಶಶಿರೇಖಾ ಬಂದು, ಮುಗೀತು ಕಣೋ, ಕೊಡು ಎಂದ ಮೇಲೆ ಕೊಟ್ಟ.

ಕ್ರೀಡಾಂಗಣ ನಾಲ್ಕು ನಿಮಿಷದಲ್ಲಿ ಖಾಲಿಯಾಯಿತು. ತಂಡವನ್ನು ಯಾರಿಗೂ ಮಾರುವುದಿಲ್ಲ ಎಂದು ಕೆಂಪರಾಜು ಮೈಕಿನಲ್ಲಿ ಘೋಷಿಸಿದ್ದನ್ನು ಖಾಲಿ ಕುರ್ಚಿಗಳು, ಕ್ಯಾಮೆರಾದವರು ಮತ್ತು ಹನ್ನೆರಡು ಜನ ಆಟಗಾರರು ಕೇಳಿಸಿಕೊಂಡರು. ಎಂಟು ವರ್ಷದಿಂದ ಆ ಭಾಷಣವನ್ನು ಅವರು ಸಿದ್ಧಮಾಡಿ ಇಟ್ಟಿದ್ದರು. ಪೂರ್ತಿ ಹೇಳಿಯೇ ಮುಗಿಸಿದರು.

ಆರೂಮುಕ್ಕಾಲಿಗೆ ಯಲಿಯೂರಿನಲ್ಲಿ ಎಲೆ ಬಿತ್ತು. ಮೊದಲ ಎಲೆಗೆ ಚಲುವರಾಜು ಕೂತ. ಪಕ್ಕದಲ್ಲಿ ಅದ್ನಾನ್, ಆಮೇಲೆ ಶಶಿರೇಖಾ, ಆಮೇಲೆ ಇಡೀ ತಂಡ. ಹೆಂಗಸರ ಸಾಲಿನಲ್ಲಿ ದೇವಿರಮ್ಮ ಅಕ್ಕಪಕ್ಕದವರಿಗೆ ಆಟದ ನಿಯಮಗಳನ್ನು ವಿವರಿಸುತ್ತಿದ್ದರು, ಬಹುಪಾಲು ತಪ್ಪಾಗಿ. ಚಂದನ ಸಾರಿನ ಪಾತ್ರೆ ಹಿಡಿದು ಬಂದಳು. ಅಣ್ಣನ ಎಲೆಯ ಹತ್ತಿರ ಬಂದಾಗ ಮುಖ ನೋಡದೆ, ಸೋತುಕೊಂಡು ಬರಲಿಲ್ಲವಲ್ಲ, ಉಣ್ಣು ಎಂದು ಮೆಲ್ಲಗೆ ಅಂದಳು.

ಮುದ್ದೆಯ ಬುಟ್ಟಿಯನ್ನು ಹೊನ್ನಯ್ಯ ತಾವೇ ಹಿಡಿದಿದ್ದರು. ಬಗ್ಗಿ ಶಶಿರೇಖಾ ಅವರನ್ನು, ಮುಂದಿನ ಆಟ ಯಾವತ್ತು ಎಂದು ಕೇಳಿದರು. ನಾಡಿದ್ದು ಶುಕ್ರವಾರ, ಬೆಂಗಳೂರಿನಲ್ಲಿ ಸೆಮಿಫೈನಲ್ ಎಂದು ಅವರು ಹೇಳಿದರು. ಹೊನ್ನಯ್ಯ ತಲೆಯಾಡಿಸಿದರು. ಬುಟ್ಟಿಯಿಂದ ಒಂದು ಮುದ್ದೆ ಎತ್ತಿಕೊಂಡು, ಎರಡು ಮಾಡಿ, ಒಂದು ಭಾಗವನ್ನು ಚಲುವರಾಜುವಿನ ಎಲೆಗೆ ಹಾಕಿದರು.

ಚಲುವರಾಜು ಎಲೆಯನ್ನು ನೋಡಿದ, ಮಾವನನ್ನು ನೋಡಿದ. "ಮಾವ, ಅಸಿವಾಗದೆ."

"ಗೊತ್ತು ಕಣಪ್ಪ. ನಾಡಿದ್ದು ಆಡ್ಬೇಕಲ್ಲ. ಭಾನುವಾರ ಬೇರೆ ಮರಿ ಕೊಯ್ಸ್ತೀನಿ, ಬಂದು ಒಟ್ಟೆ ತುಂಬ ಉಣ್ಣು."

"ಭಾನುವಾರ ಫೈನಲ್ಲು."

"ಸುಕ್ರವಾರ ಗೆದ್ರೆ ತಾನೆ ಭಾನುವಾರ?"

"ಗೆಲ್ತೀವಿ," ಎಂದ ಚಲುವರಾಜು.

ಹೊನ್ನಯ್ಯ ಅವನನ್ನು ಒಂದು ಕ್ಷಣ ದಿಟ್ಟಿಸಿದರು. ಸರಿ ಎಂದು, ಉಳಿದರ್ಧ ಮುದ್ದೆಯನ್ನು ಅದ್ನಾನ್‌ನ ಎಲೆಗೆ ಹಾಕಿ ಮುಂದಕ್ಕೆ ಹೋದರು.